ಅಜ್ಜಿ ಬೇಯಿಸಿದ್ದು ಯಾವ ಕಾಳು, ಮಿಸ್?

11 ವರ್ಷದ ಹಿಂದಿನ ಮಾತು. ನಾಲ್ಕನೇ ಕ್ಲಾಸು, ಮಧ್ಯಾಹ್ನದ ಊಟವಾದ ಮೇಲಿನ ಪೀರಿಯಡ್ಡು. ಬೋರ್ಡಿನ ಮೇಲೆ 'ನಮ್ಮ ಬೆಂಗಳೂರು' ಎಂದು ಬರೆದು ತಿರುಗುವಷ್ಟರಲ್ಲಿ ಎರಡನೇ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದ್ದಳು. ನಿಂತುಕೊಂಡು ಒಂದೇ ಉಸಿರಿಗೆ ಕಥೆ ಹೇಳಿದಳು. ವೀರಬಲ್ಲಾಳ ರಾಜ ಬೇಟೆಗೆ ಹೋದನಂತೆ. ಕಾಡಿನಲ್ಲಿ ದಾರಿ ತಪ್ಪಿತಂತೆ. ಕತ್ತಲಾಯಿತಂತೆ. ಗುಡಿಸಲಿನಲ್ಲಿ ಒಬ್ಬಳು ಅಜ್ಜಿ ಇದ್ದಳಂತೆ, ಅವಳ ಹತ್ತಿರ ಬೆಂದ ಕಾಳು ಬಿಟ್ಟರೆ ಕೊಡುವುದಕ್ಕೆ ಏನೂ ಇರಲಿಲ್ಲವಂತೆ. ಅದನ್ನೇ ತಿಂದ ರಾಜ ಆ ಜಾಗಕ್ಕೆ ಬೆಂದಕಾಳೂರು ಅಂತ ಹೆಸರಿಟ್ಟನಂತೆ.

"ನಮ್ಮಜ್ಜಿ ಹೇಳಿದ್ರು ಮಿಸ್."

ನಾನು ಆಗ ಇತಿಹಾಸದಲ್ಲಿ ಎಂ.ಎ. ಮುಗಿಸಿ, ಬಿ.ಎಡ್. ಮುಗಿಸಿ, ಆ ಶಾಲೆಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ತಲೆ ತುಂಬಾ ಓದಿದ್ದು ಇತ್ತು. "ಅದೆಲ್ಲ ಕಟ್ಟುಕಥೆ, ಸುಳ್ಳು. ಕೂತ್ಕೋ" ಅಂದೆ. ಪುರಾವೆಯನ್ನೂ ಕೊಟ್ಟೆ. ಬೇಗೂರಿನ ವೀರಗಲ್ಲಿನಲ್ಲಿ 'ಬೆಂಗಳೂರ ಕಾಳಗ' ಎಂದು ಬರೆದಿದೆ. ಅದು ಸುಮಾರು ಕ್ರಿ.ಶ. 890ರದ್ದು. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ರಾಜ ಬಂದು ಕಾಳು ತಿನ್ನುವುದಕ್ಕೆ ಸುಮಾರು 300 ವರ್ಷ ಮೊದಲೇ ಊರಿಗೆ ಹೆಸರಿತ್ತು. ಲೆಕ್ಕವೇನೋ ಸರಿಯಾಗಿಯೇ ಇತ್ತು. ಆದರೆ ಆ ಹುಡುಗಿ ಅವತ್ತು ಕೂತವಳು ಆ ಟರ್ಮು ಮುಗಿಯುವವರೆಗೂ ನನ್ನ ಕ್ಲಾಸಿನಲ್ಲಿ ಕೈ ಎತ್ತಲಿಲ್ಲ.

ಪೇರೆಂಟ್ಸ್ ಮೀಟಿಂಗಿಗೆ ಅವಳ ಜೊತೆ ಅಪ್ಪ ಅಮ್ಮ ಬರಲಿಲ್ಲ, ಅಜ್ಜಿ ಬಂದರು. ಕುರ್ಚಿಯ ತುದಿಯಲ್ಲಿ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ಮೊದಲನೇ ಮಾತೇ ಇದು: "ನಾನು ಹೇಳಿದ್ದು ಸುಳ್ಳಂತೆ?" ಕೋಪವೇನೂ ಇರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು ಅವರಿಗೆ. ನಾನು ಕಲ್ಲು, ಶಾಸನ, ಇಸವಿ ಅಂತ ಏನೇನೋ ತೊದಲಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಆಯ್ತಮ್ಮ, ರಾಜನದ್ದು ಬಿಡು. ಇದು ನಮ್ಮಜ್ಜಿ ಕಣ್ಣಾರೆ ಕಂಡಿದ್ದು" ಅಂತ ಪ್ಲೇಗಿನ ಕಥೆ ಶುರು ಮಾಡಿದರು. ಇಲಿ ಬೀಳುವುದಕ್ಕೆ ಶುರುವಾದ ಕೂಡಲೇ ಪೇಟೆಯ ಮನೆಗೆ ಬೀಗ ಹಾಕಿ, ಊರಾಚೆ ಬಯಲಿನಲ್ಲಿ ಸೋಗೆ ಗುಡಿಸಲು ಹಾಕಿಕೊಂಡು ಕೂತಿದ್ದರಂತೆ. ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಹೋದರಂತೆ. ವಾಪಸ್ ಬಂದಾಗ ಮನೆಯ ಹಂಚನ್ನು ಯಾರೋ ತೆಗೆದುಬಿಟ್ಟಿದ್ದರು, ಗಾಳಿ ಬೆಳಕು ಬರಲಿ ಅಂತ.

1898ರ ಪ್ಲೇಗಿನ ಬಗ್ಗೆ ನಾನು ಓದಿದ್ದೆ. ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ಬೆಳೆಯುವುದಕ್ಕೆ ಅದೂ ಒಂದು ಕಾರಣ ಎಂದು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೆ. ಆದರೆ ಆ ತೆಗೆದ ಹಂಚಿನ ವಿಷಯ ನನಗೆ ಗೊತ್ತಿರಲಿಲ್ಲ. ಹಿಂದೆ ಸಾಲಿನಲ್ಲಿ ಇನ್ನೂ ಆರು ಪೋಷಕರು ಕಾಯುತ್ತಿದ್ದರು. ನಾನು ಅಟೆಂಡೆನ್ಸ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಅಜ್ಜಿ ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಾ ಕೂತಿದ್ದೆ.

ನಾನು ಪಾಠ ಮಾಡುವುದು ಮೂರರಿಂದ ಏಳನೇ ಕ್ಲಾಸಿನವರೆಗೆ. ನಮ್ಮದು ಪ್ರಿಪರೇಟರಿ ಶಾಲೆ ಅಂದರೆ ಬೆಂಗಳೂರಿನಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. "ಓ, ಎಸ್ಸೆಸ್ಸೆಲ್ಸಿ ಪ್ರಿಪರೇಟರಿನಾ, ಕ್ವೆಶ್ಚನ್ ಪೇಪರ್ ಹೇಗಿದೆ?" ಅಂತ ಕೇಳುತ್ತಾರೆ. ಈಗ 2020ರ ಶಿಕ್ಷಣ ನೀತಿ ಬಂದ ಮೇಲೆ ಮೂರರಿಂದ ಐದನೇ ಕ್ಲಾಸಿಗೆ ಆ ಹೆಸರು ಬಿದ್ದಿದೆ, ಆದರೂ ಆಟೋದವರಿಗೆ ನಾನು 'ಚಿಕ್ಕ ಮಕ್ಕಳ ಸ್ಕೂಲು' ಎಂದೇ ಹೇಳುವುದು. ಹೈಸ್ಕೂಲಿಗೆ ಹೋಗಬಹುದಿತ್ತು. ಹೋಗಲಿಲ್ಲ. ಎಂಟು ವರ್ಷದಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇತಿಹಾಸ ಹೇಳುವುದರಲ್ಲಿ ಒಂದು ಮಜಾ ಇದೆ. ಅವರಿಗೆ ಕಾಲದ ಅಂದಾಜೇ ಇರುವುದಿಲ್ಲ. ಕೆಂಪೇಗೌಡರು ಗಾಂಧೀಜಿಯವರನ್ನು ಭೇಟಿ ಮಾಡಿದ್ದರಾ, ಮಿಸ್? ನೀವು ಚಿಕ್ಕವರಿದ್ದಾಗ ಬ್ರಿಟಿಷರು ಇದ್ರಾ? ನಮ್ಮ ತಾತ ಹುಟ್ಟಿದಾಗ ಡೈನೋಸಾರ್ ಇತ್ತಾ?

'ಹಿಂದೆ' ಅನ್ನುವುದು ಅವರಿಗೆ ಒಂದೇ ದೊಡ್ಡ ಗೋಣಿಚೀಲ. ಎಲ್ಲವೂ ಅದರೊಳಗೆ ಕಲಸಿಹೋಗಿರುತ್ತದೆ. ಶತಮಾನ, ಕ್ರಿಸ್ತಪೂರ್ವ ಅಂತ ಹೇಳಿದರೆ ತಲೆ ಆಡಿಸುತ್ತಾರೆ ಅಷ್ಟೇ. ಅದಕ್ಕೆ ಒಂದು ಹಗ್ಗ ತಂದೆ. ಬಟ್ಟೆ ಒಣಹಾಕುವ ಬಿಳಿ ಹಗ್ಗ. ಒಂದು ವರ್ಷಕ್ಕೆ ಒಂದು ಸೆಂಟಿಮೀಟರ್. ಬೋರ್ಡಿನ ಹತ್ತಿರ ಇವತ್ತು. ಅಲ್ಲಿಂದ ಹತ್ತು ಸೆಂಟಿಮೀಟರ್ ದೂರದಲ್ಲಿ ಐದನೇ ಕ್ಲಾಸಿನವರು ಹುಟ್ಟುತ್ತಾರೆ. ಅರವತ್ತು, ಎಪ್ಪತ್ತು ಸೆಂಟಿಮೀಟರಿಗೆ ಅಜ್ಜ ಅಜ್ಜಿ. ಅಲ್ಲೇ ಪಕ್ಕದಲ್ಲಿ 1956, ವಿಧಾನಸೌಧ. ಅದರಿಂದ ಒಂದು ಗೇಣೂ ದೂರವಿಲ್ಲ, ಸ್ವಾತಂತ್ರ್ಯ. ಕೆಂಪೇಗೌಡರು ಪೇಟೆ ಕಟ್ಟಿದ 1537 ಐದು ಮೀಟರಿಗೆ ಸ್ವಲ್ಪ ಕಡಿಮೆ, ಅಂದರೆ ಹಿಂದಿನ ಬೆಂಚು. ಬೇಗೂರಿನ ಕಲ್ಲು ಕ್ಲಾಸ್ ರೂಮಿನಲ್ಲಿ ಹಿಡಿಸುವುದಿಲ್ಲ. ಹನ್ನೊಂದು ಮೀಟರ್ ದಾಟಿ ಕಾರಿಡಾರಿನಲ್ಲಿ, ಕುಡಿಯುವ ನೀರಿನ ಫಿಲ್ಟರಿನ ಹತ್ತಿರ.

ಒಬ್ಬ ಹುಡುಗ ಕೇಳಿದ, ಲಾಲ್‌ಬಾಗ್ ಬಂಡೆ ಎಲ್ಲಿ ಬರುತ್ತದೆ ಅಂತ. ಅದರ ಮೇಲೆ ಕೆಂಪೇಗೌಡರ ಗೋಪುರ ಇದೆಯಲ್ಲ, ಹಾಗಾಗಿ ಬಂಡೆಯೂ ಹಿಂದಿನ ಬೆಂಚಿನಲ್ಲೇ ಇರಬೇಕು ಅಂದುಕೊಂಡಿದ್ದ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಕೂತು ಗುಣಿಸಿದೆವು. ಸೊನ್ನೆಗಳಲ್ಲಿ ಎರಡು ಸಲ ದಾರಿ ತಪ್ಪಿದೆವು. ಕೊನೆಗೆ ಬಂದ ಉತ್ತರ 30,000 ಕಿಲೋಮೀಟರ್ ಹಗ್ಗ. ಭೂಮಿಯ ಸುತ್ತಳತೆ ಸುಮಾರು 40,000. ಅಂದರೆ ನಮ್ಮ ಹಗ್ಗ ಕಿಟಕಿಯಿಂದ ಹೊರಗೆ ಹೋಗಿ ಭೂಮಿಯನ್ನು ಮುಕ್ಕಾಲು ಸುತ್ತು ಹಾಕಬೇಕು. ಕ್ಲಾಸು ಒಂದು ನಿಮಿಷ ಗಪ್‌ಚುಪ್. ಆಮೇಲೆ ಯಾರೋ, "ನಾವು ಅದರ ಮೇಲೆ ಕೂತು ಚಿಪ್ಸ್ ತಿಂದ್ವಿ" ಅಂದರು.

ಬೇಗೂರಿಗೆ ಕರೆದುಕೊಂಡು ಹೋದದ್ದು ಅಜ್ಜಿ ಬಂದುಹೋದ ಮರುವರ್ಷ. ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಬಸ್ಸಿನೊಳಗೆ ಇಬ್ಬರು ವಾಂತಿ ಮಾಡಿಕೊಂಡರು, ಅದನ್ನು ಬಿಡಿ. ಕೆರೆ ದಾಟಿ ದೇವಸ್ಥಾನಕ್ಕೆ ಹೋದೆವು. ಗಂಗರ ಕಾಲದ ನಾಗೇಶ್ವರನ ಗುಡಿ. ವೀರಗಲ್ಲಿನ ಮುಂದೆ ಮಕ್ಕಳನ್ನು ನಿಲ್ಲಿಸಿದಾಗ ಅವರ ಮುಖದಲ್ಲಿ ದೊಡ್ಡ ನಿರಾಸೆ. ಇಷ್ಟೇನಾ? ಅಕ್ಷರ ಓದುವುದಕ್ಕೂ ಬರುವುದಿಲ್ಲ. "ಕನ್ನಡ ಅಂದ್ರಿ, ಇದು ಹುಳ ಹರಿದ ಹಾಗಿದೆ." ನಾನು ಮೊದಲೇ ಕಾಗದದ ಮೇಲೆ ಬರೆದು ತಂದಿದ್ದ ಹಳೆಯ ಅಕ್ಷರಗಳನ್ನು ಹಂಚಿದೆ. ಮುಟ್ಟಬೇಡಿ, ಬೆರಳನ್ನು ಗಾಳಿಯಲ್ಲಿ ಆಡಿಸಿ ಅಂದೆ. ಹತ್ತು ನಿಮಿಷ ಸುಮ್ಮನಿದ್ದರು. ಆಮೇಲೆ ಒಬ್ಬಳು 'ರ' ಸಿಕ್ಕಿತು ಎಂದು ಕಿರುಚಿದಳು. ಹನ್ನೊಂದು ಶತಮಾನದಲ್ಲಿ 'ರ' ಜಾಸ್ತಿ ಬದಲಾಗಿಲ್ಲ, ಗುಂಡಗೇ ಇದೆ.

ವೀರಗಲ್ಲು ಓದುವುದನ್ನು ಮಕ್ಕಳು ಬೇಗ ಕಲಿಯುತ್ತಾರೆ. ದೊಡ್ಡವರಿಗಿಂತ ಬೇಗ. ಅದು ಚಿತ್ರಕಥೆ ಇದ್ದ ಹಾಗೆ, ಆದರೆ ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಗೆ ಕಾದಾಟ ಇರುತ್ತದೆ. ಅದರ ಮೇಲೆ ಅಪ್ಸರೆಯರು ವೀರನ ಕೈ ಹಿಡಿದು ಕರೆದೊಯ್ಯುತ್ತಾರೆ. ಎಲ್ಲಕ್ಕಿಂತ ಮೇಲೆ ಲಿಂಗದ ಮುಂದೆ ಆತ ಕೂತಿರುತ್ತಾನೆ. ಯಾರು ವೀರ ಅಂತ ಹುಡುಕುವುದಕ್ಕೆ ಒಂದು ಸುಲಭದ ಗುಟ್ಟೂ ಇದೆ: ಶಿಲ್ಪಿ ಅವನನ್ನು ಉಳಿದವರಿಗಿಂತ ದೊಡ್ಡದಾಗಿ ಕೆತ್ತಿರುತ್ತಾನೆ. ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿ ಬೇಗೂರಿನದೇ ಇನ್ನೊಂದು ಕಲ್ಲಿದೆ. ಗಂಗರ ಎರೆಯಪ್ಪನ ಪರವಾಗಿ ನಾಗತ್ತರ ಎಂಬುವನು ವೀರಮಹೇಂದ್ರನ ಮೇಲೆ ಯುದ್ಧಕ್ಕೆ ಹೋಗಿ ಸತ್ತ ಕಥೆ ಅದು. ಆನೆ, ಕುದುರೆ, ಬಾಣ, ಕೆಳಗೆ ಬಿದ್ದವರು, ಎಲ್ಲಾ ಒತ್ತೊತ್ತಾಗಿ ತುಂಬಿಕೊಂಡಿದ್ದಾರೆ. ಅದನ್ನು ತೋರಿಸುವಾಗ ಯಾವ ಮಗುವೂ ನೀರು ಕುಡಿಯುವುದಕ್ಕೆ ಪರ್ಮಿಷನ್ ಕೇಳುವುದಿಲ್ಲ.

ಆದರೆ ನಾಲ್ಕನೇ ಕ್ಲಾಸಿನವರಿಗೆ ನಾಟಿದ್ದು ಯುದ್ಧವಲ್ಲ. 'ಬೆಂಗಳೂರ ಕಾಳಗ' ಅನ್ನುವ ಮಾತನ್ನು ತೋರಿಸಿದಾಗ ಒಬ್ಬ ಕೇಳಿದ: "ಈ ಕಲ್ಲು ಕೆತ್ತಿದವರಿಗೆ ಬೆಂಗಳೂರು ಅಂದ್ರೆ ಏನು ಅಂತ ಗೊತ್ತಿತ್ತಾ?" ಗೊತ್ತಿರಲೇಬೇಕಲ್ಲ, ಊರಿನ ಹೆಸರು ಅದು ಅಂದೆ. "ಅಲ್ಲ ಮಿಸ್, ಆ ಹೆಸರು ಯಾಕೆ ಬಂತು ಅಂತ?" ನಾನು ಉತ್ತರಿಸಲು ಬಾಯಿ ತೆರೆದು ಮುಚ್ಚಿದೆ. ಊರು ಇತ್ತು ಎಂದು ಕಲ್ಲು ಹೇಳುತ್ತದೆ. ಯಾಕೆ ಆ ಹೆಸರು ಎಂದು ಹೇಳುವುದಿಲ್ಲ. ಕಲ್ಲು ಹೇಳದ್ದನ್ನು ಯಾರೋ ಕಾಳು ಬೇಯಿಸಿ ಹೇಳಿದ್ದಾರೆ. ಹೋದ ವರ್ಷ 'ಸುಳ್ಳು' ಅಂದಿದ್ದಕ್ಕೆ ನನಗೆ ಆ ಬಿಸಿಲಿನಲ್ಲಿ ನಾಚಿಕೆಯಾಯಿತು. ರಾಜನ ಇಸವಿ ತಪ್ಪು, ಅಷ್ಟು ಹೇಳಬಹುದು. ಜನ ತಮ್ಮ ಊರಿನ ಹೆಸರನ್ನು ಒಬ್ಬ ಬಡ ಮುದುಕಿಯ ಒಲೆಗೆ ಯಾಕೆ ಕಟ್ಟಿದರು ಅನ್ನುವುದೂ ಕೇಳಬೇಕಾದ ಪ್ರಶ್ನೆಯೇ ಅಲ್ವಾ?

ಆಮೇಲೆ 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಕಿತ್ತಯ್ಯ ಎಂಬುವನ ವೀರಗಲ್ಲು ಸಿಕ್ಕಿತು. ಸುಮಾರು ಕ್ರಿ.ಶ. 750ರದ್ದು, ಬೇಗೂರಿನದಕ್ಕಿಂತಲೂ ಹಳೆಯದು. ಅದರಲ್ಲಿ ಹೆಬ್ಬಾಳವನ್ನು 'ಪೆರ್ಬೊಳಲು' ಎಂದು ಕರೆದಿದ್ದಾರೆ. ನಮ್ಮ ಹಗ್ಗ ಇನ್ನೂ ಒಂದು ಮೀಟರಿಗಿಂತ ಜಾಸ್ತಿ ಉದ್ದವಾಯಿತು. ಹಳಗನ್ನಡದ 'ಪ' ಮುಂದೆ 'ಹ' ಆಯಿತು, ಪಾಲು ಹಾಲಾಯಿತು, ಪುಲಿ ಹುಲಿಯಾಯಿತು ಎಂದು ಹೇಳಿದ್ದೇ ತಪ್ಪಾಯಿತು. ಒಂದು ವಾರ ಪೂರ್ತಿ ಕ್ಲಾಸು ಹಿಂದಕ್ಕೆ ತಿರುಗಿ ಮಾತಾಡಿತು. "ಪೋಮ್‌ವರ್ಕ್ ತಂದಿಲ್ಲ ಮಿಸ್. ಪೊಟ್ಟೆ ನೋಯ್ತಿದೆ."

ಇದನ್ನೆಲ್ಲ ಹೇಳುವಾಗ ಬಿ.ಎಲ್. ರೈಸ್ ಅವರ ಹೆಸರು ಬಿಡುವುದಿಲ್ಲ ನಾನು. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಅವರೂ ಮೇಷ್ಟ್ರೇ. ಮೊದಲು ಶಾಲೆಯಲ್ಲಿ ಪಾಠ ಹೇಳಿದರು, ಆಮೇಲೆ ಶಾಲೆಗಳ ಇನ್‌ಸ್ಪೆಕ್ಟರ್ ಆದರು. ಶಾಲೆ ತಪಾಸಣೆಗೆಂದು ಊರೂರು ಸುತ್ತುವಾಗ ಅಲ್ಲಲ್ಲಿ ಬಿದ್ದಿದ್ದ ಕಲ್ಲುಗಳು ಕಣ್ಣಿಗೆ ಬಿದ್ದವು. ಸುಮಾರು 9,000 ಶಾಸನಗಳನ್ನು ಓದಿಸಿ, ಸಂಗ್ರಹಿಸಿ, 'ಎಪಿಗ್ರಾಫಿಯಾ ಕರ್ನಾಟಿಕಾ' ಎಂದು ಅಚ್ಚು ಹಾಕಿಸಿದರು. ನಮ್ಮ ಶಾಲೆಗೂ ಇನ್‌ಸ್ಪೆಕ್ಷನ್ ಬರುತ್ತದೆ. ಶೌಚಾಲಯದ ಸಂಖ್ಯೆ ಎಣಿಸಿಕೊಂಡು ಹೋಗುತ್ತಾರೆ.

ಒಂದು ವರ್ಷ ಆರನೇ ಕ್ಲಾಸಿಗೆ ಹೊಸ ಹುಡುಗನೊಬ್ಬ ಬಂದ. ಅಪ್ಪ ಅಮ್ಮ ಇಬ್ಬರೂ ಶಾಲೆಯ ಹಿಂದೆ ಏಳುತ್ತಿದ್ದ ಅಪಾರ್ಟ್‌ಮೆಂಟಿನಲ್ಲಿ ಕೆಲಸ ಮಾಡುತ್ತಿದ್ದರು. ರಾಯಚೂರು ಕಡೆಯವರು. ಅವನ ಮಾತಿನ ಧಾಟಿಗೆ ಉಳಿದವರು ನಗುತ್ತಿದ್ದರು, ಹಾಗಾಗಿ ಮಾತೇ ಆಡುತ್ತಿರಲಿಲ್ಲ. 'ನಮ್ಮ ಬೆಂಗಳೂರು' ಎಂದು ನಾನು ಹೇಳಿದಾಗಲೆಲ್ಲ ಆ 'ನಮ್ಮ'ದೊಳಗೆ ಅವನು ಇಲ್ಲ ಅನ್ನುವುದು ನನಗೆ ಎಷ್ಟೋ ದಿನ ಹೊಳೆಯಲೇ ಇಲ್ಲ. ಅಶೋಕನ ಪಾಠ ನಡೆಯುತ್ತಿತ್ತು. ಶಾಸನಗಳಲ್ಲಿ ಅಶೋಕ ತನ್ನನ್ನು 'ದೇವಾನಾಂಪ್ರಿಯ' ಎಂದು ಕರೆದುಕೊಳ್ಳುತ್ತಿದ್ದ, ಆ ದೇವಾನಾಂಪ್ರಿಯ ಯಾರು ಎಂಬುದು ದೊಡ್ಡ ಪತ್ತೇದಾರಿಯಾಗಿತ್ತು, 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ 'ಅಶೋಕ' ಎಂಬ ಹೆಸರೇ ಸಿಕ್ಕಿತು ಎಂದು ಹೇಳುತ್ತಿದ್ದೆ. ಚಿನ್ನ ಹುಡುಕಲು ಹೋದ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಬಿದ್ದದ್ದು ಅದು.

"ಅದು ನಮ್ಮೂರ ಬಾಜೂಕ ಐತ್ರೀ" ಅಂದ ಹುಡುಗ.

ಎಲ್ಲರೂ ಹಿಂದೆ ತಿರುಗಿದರು. ಅವನು ಆ ಬಂಡೆಯ ಹತ್ತಿರ ಕುರಿ ಮೇಯಿಸಿದ್ದ. ಅದಕ್ಕೆ ಕಬ್ಬಿಣದ ಜಾಲರಿ ಹಾಕಿದ್ದಾರೆ, ಒಳಗೆ ಇಣುಕಿ ನೋಡಬೇಕು ಅಂದ. ಬೇಸಿಗೆಯಲ್ಲಿ ಬಂಡೆ ಹೇಗೆ ಕಾಯುತ್ತದೆ, ಅದರ ಸಂದಿಯಲ್ಲಿ ಎಂಥ ಹಾವು ಇರುತ್ತದೆ, ಎಲ್ಲಾ ಹೇಳಿದ. ನಾವು ಹಗ್ಗ ತೆಗೆದುಕೊಂಡು ಹೊರಟೆವು. ಕಾರಿಡಾರ್ ದಾಟಿ, ಮೆಟ್ಟಿಲು ಇಳಿದು, ಫೀಲ್ಡಿಗೆ. 22 ಮೀಟರ್ ದಾಟಿದ ಮೇಲೆ ಅಶೋಕ. ಹಗ್ಗದ ಆ ತುದಿಯನ್ನು ಹಿಡಿದು ನಿಂತವನು ಅವನೇ. ಬೆಂಗಳೂರಿನ ಮಕ್ಕಳೆಲ್ಲ ಹಿಂದೆ ಎಲ್ಲೋ ಕಾರಿಡಾರಿನಲ್ಲಿ. ಆ ಬಿಲ್ಡಿಂಗ್ ಮುಗಿದ ಮೇಲೆ ಅವರ ಮನೆಯವರು ಬೇರೆ ಸೈಟಿಗೆ ಹೋದರು. ಟಿ.ಸಿ. ಕೂಡ ತೆಗೆದುಕೊಂಡು ಹೋಗಲಿಲ್ಲ.

ಕೋಟೆಯ ವಿಷಯ ಬಂದರೆ ಸ್ವಲ್ಪ ಹುಷಾರಾಗಿರಬೇಕು. ಟಿಪ್ಪು ಪಾಠವಾದ ಸಂಜೆ ವಾಟ್ಸಾಪಿನಲ್ಲಿ ಒಬ್ಬ ಪೋಷಕರು, ಯಾಕೆ ಅವನ ಬಗ್ಗೆ ಅಷ್ಟೊಂದು ಹೇಳಿದಿರಿ ಎಂದು ಕೇಳುತ್ತಾರೆ. ಇನ್ನೊಬ್ಬರು, ಯಾಕೆ ಅಷ್ಟೇ ಹೇಳಿದಿರಿ ಎಂದು ಕೇಳುತ್ತಾರೆ. ಇಬ್ಬರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂತು ಪೆನ್ಸಿಲ್ ಸಿಪ್ಪೆ ಕೂಡಿಹಾಕುತ್ತಿರುತ್ತಾರೆ. ನಾನು ಈಗ ವಾದ ಮಾಡುವುದಿಲ್ಲ. ಮಕ್ಕಳನ್ನು ಕೆ.ಆರ್. ಮಾರ್ಕೆಟ್ ಹತ್ತಿರದ ಕೋಟೆಗೆ ಕರೆದುಕೊಂಡು ಹೋಗುತ್ತೇನೆ. ಉಳಿದಿರುವುದೇ ಒಂದು ತುಂಡು, ದಿಲ್ಲಿ ಬಾಗಿಲಿನ ಭಾಗ. ಹೈದರ್ ಅಲಿ ಕಲ್ಲಿನಲ್ಲಿ ಕಟ್ಟಿಸಿದ್ದು. ಗೋಡೆಯ ಮೇಲೆ ಒಂದು ಫಲಕವಿದೆ. 1791ರ ಮಾರ್ಚ್ 21ರಂದು ಗೋಡೆ ಒಡೆದ ಈ ಜಾಗದಿಂದಲೇ ಬ್ರಿಟಿಷರು ನುಗ್ಗಿದರು ಎಂದು ಅದರಲ್ಲಿ ಬರೆದಿದೆ. ಫಲಕದ ಮುಂದೆ ಐದು ನಿಮಿಷ ನಿಲ್ಲಿಸಿ, ಇದರಲ್ಲಿ ಏನಿದೆ, ಏನಿಲ್ಲ ಹೇಳಿ ಅನ್ನುತ್ತೇನೆ.

ಮೊದಲು ತಾರೀಕು ಇದೆ ಅನ್ನುತ್ತಾರೆ, ಇಂಗ್ಲಿಷ್ ಇದೆ ಅನ್ನುತ್ತಾರೆ. ಆಮೇಲೆ ನಿಧಾನಕ್ಕೆ, "ಒಳಗಿದ್ದವರು ಯಾರೂ ಇಲ್ಲ." "ಒಡೆದವರೇ ಬರೆದಿದ್ದು ಅಲ್ವಾ ಮಿಸ್?" ಆಗ ನಾನು ಕೋಟೆ ಕಾಯುತ್ತಾ ಸತ್ತ ಕಿಲ್ಲೇದಾರ್ ಬಹಾದುರ್ ಖಾನ್ ಬಗ್ಗೆ ಹೇಳುತ್ತೇನೆ. ಎರಡು ವಾರ ಮೊದಲು ಪೇಟೆ ಬಿದ್ದಿದ್ದನ್ನು ಹೇಳುತ್ತೇನೆ. ಅಂಗಡಿ ಮುಚ್ಚಿಕೊಂಡು ಓಡಿದವರು, ಓಡಲಾಗದೆ ಉಳಿದವರು ಯಾರಿದ್ದಿರಬಹುದು ಎಂದು ಪೇಟೆಗಳ ಹೆಸರಿನಿಂದಲೇ ಊಹಿಸಿ ಎನ್ನುತ್ತೇನೆ. ಅಕ್ಕಿಪೇಟೆ, ಬಳೇಪೇಟೆ, ಅರಳೆಪೇಟೆ, ಕುಂಬಾರಪೇಟೆ. ವಾಪಸ್ ಬರುವಾಗ ಬಸ್ಸು ಕಾರ್ಪೊರೇಷನ್ ಸರ್ಕಲ್ ದಾಟುತ್ತದೆ. ಆ ಯುದ್ಧದಲ್ಲಿ ಸತ್ತ ಇಂಗ್ಲಿಷರಿಗಾಗಿ ಅಲ್ಲೊಂದು ಎತ್ತರದ ಸ್ಮಾರಕ ಕಂಬವಿತ್ತು, 1964ರಲ್ಲಿ ಕೆಡವಿದರು ಎಂದು ತೋರಿಸುತ್ತೇನೆ. ತೋರಿಸುವುದಕ್ಕೆ ಏನೂ ಇಲ್ಲ. ಟ್ರಾಫಿಕ್ ಸಿಗ್ನಲ್ ಇದೆ. ಕೆಡವಿದ್ದು ಸರಿಯಾ ತಪ್ಪಾ ಎಂದು ಲಾಲ್‌ಬಾಗ್ ಬರುವವರೆಗೂ ಬಸ್ಸಿನಲ್ಲಿ ಜಗಳ. ನಾನು ಕಿಟಕಿ ಕಡೆ ನೋಡುತ್ತಾ ಕೂರುತ್ತೇನೆ.

ಪರೀಕ್ಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಿಟ್ಟ ಸ್ಥಳ ತುಂಬಿ: ಬೆಂಗಳೂರನ್ನು ಕಟ್ಟಿದವರು ಡ್ಯಾಶ್. ಒಬ್ಬಳು ಆ ಪುಟ್ಟ ಗೆರೆಯ ಮೇಲೆ ಇರುವೆ ಸಾಲಿನಂತೆ ಬರೆದಿದ್ದಳು: 'ಕೆಂಪೇಗೌಡರು, ಆದರೆ ಹೆಸರು ಮೊದಲೇ ಇತ್ತು, ಬೇಗೂರಲ್ಲಿ ನೋಡಿದ್ದೇನೆ.' ಒಂದು ಮಾರ್ಕಿನ ಪ್ರಶ್ನೆ ಅದು. ಎರಡು ಕೊಟ್ಟೆ. ಟೋಟಲ್ ತಪ್ಪಾಗಿದೆ ಎಂದು ಆಫೀಸಿನಿಂದ ಪೇಪರ್ ವಾಪಸ್ ಬಂತು.

ಈಗ ನಾಲ್ಕನೇ ಕ್ಲಾಸಿನಲ್ಲಿ ಬೆಂದಕಾಳಿನ ಕಥೆಯನ್ನು ನಾನೇ ಹೇಳುತ್ತೇನೆ. ಕಲ್ಲಿನ ಮಾತನ್ನೂ ಹೇಳುತ್ತೇನೆ. ಹೋದ ತಿಂಗಳು ಹೀಗೆ ಹೇಳಿ ಮುಗಿಸುತ್ತಿದ್ದಂತೆ ಮುಂದಿನ ಬೆಂಚಿನ ಪುಟಾಣಿಯೊಬ್ಬ ಕೇಳಿದ: "ಅಜ್ಜಿ ಬೇಯಿಸಿದ್ದು ಯಾವ ಕಾಳು, ಮಿಸ್?" ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಸೇರಿ. ಅವರೆಕಾಳು ಎಂದು ಅರ್ಧ ಕ್ಲಾಸು. ಚಳಿಗಾಲದಲ್ಲಿ ರಾಜ ಬಂದಿದ್ದರೆ ಮಾತ್ರ ಎಂದು ಒಬ್ಬಳು. ಹುರುಳಿ ಎಂದು ಉಳಿದವರು. ಹುರುಳಿ ಆದರೆ ಬಸ್ಸಾರು ಮಾಡಿರುತ್ತಾಳೆ, ಅದಕ್ಕೆ ಟೊಮೇಟೊ, ಒಣಮೆಣಸಿನಕಾಯಿ ಬೇಕು ಎಂದು ಅಡುಗೆ ಗೊತ್ತಿರುವ ಇನ್ನೊಬ್ಬ.

ಅಲ್ಲಿ ಹಿಡಿದೆ. ಹೊಯ್ಸಳರ ಕಾಲದಲ್ಲಿ ಈ ದೇಶದಲ್ಲಿ ಮೆಣಸಿನಕಾಯಿಯೇ ಇರಲಿಲ್ಲ. ಟೊಮೇಟೊ, ಆಲೂಗಡ್ಡೆ, ಕಡಲೆಕಾಯಿ ಯಾವುದೂ ಇರಲಿಲ್ಲ. ಎಲ್ಲಾ ಅಮೆರಿಕ ಖಂಡದವು. ಪೋರ್ಚುಗೀಸರು ಈ ಕಡೆ ಬಂದದ್ದೇ 1498ರಲ್ಲಿ. ಹಾಗಾದರೆ ಖಾರಕ್ಕೆ ಏನು ಹಾಕುತ್ತಿದ್ದರು? ಮೆಣಸು. ಕರಿ ಮೆಣಸು. ಆಮೇಲೆ ಬಂದ ಕಾಯಿಯೂ ಮೆಣಸಿನ ಹಾಗೇ ಖಾರ ಇತ್ತಲ್ಲ, ಅದಕ್ಕೇ 'ಮೆಣಸಿನಕಾಯಿ'. ಮಕ್ಕಳ ಬಾಯಿ ತೆರೆದೇ ಇತ್ತು. ದಿನಾ ಊಟದ ಡಬ್ಬಿಯಲ್ಲಿ ತರುವ ಮಾತಿನೊಳಗೆ ಇದೆಲ್ಲ ಇತ್ತಾ!

ಅಜ್ಜಿಯ ಅಡುಗೆಮನೆ ಬರೆದುಕೊಂಡು ಬನ್ನಿ, ಆ ಕಾಲದಲ್ಲಿ ಇಲ್ಲದ್ದು ಏನೂ ಇರಬಾರದು ಎಂದು ಹೋಮ್‌ವರ್ಕ್ ಕೊಟ್ಟೆ. ಮರುದಿನ 34 ಅಡುಗೆಮನೆಗಳು ಬಂದವು. ಒಂದರಲ್ಲಿ ಗ್ಯಾಸ್ ಸಿಲಿಂಡರ್ ಬರೆದು, ನೆನಪಾಗಿ, ಅದನ್ನು ಗುಡಾಣ ಮಾಡಲಾಗಿತ್ತು. ಇನ್ನೊಂದರಲ್ಲಿ ಒಲೆಯ ಪಕ್ಕ ಬೆಂಕಿಪೊಟ್ಟಣ. ಒಬ್ಬ ಹುಡುಗಿ ಗುಡಿಸಲಿನ ಚಾವಣಿಗೆ ತಾಗುವಷ್ಟು ದೊಡ್ಡ ಅಜ್ಜಿಯನ್ನು ಬರೆದಿದ್ದಳು. ಕೈಯಲ್ಲಿ ಸೌಟು. ಮೂಲೆಯಲ್ಲಿ ಹೆಬ್ಬೆರಳಿನಷ್ಟು ಚಿಕ್ಕ ರಾಜ, ಕಿರೀಟ ಪಕ್ಕಕ್ಕಿಟ್ಟು ಎಲೆಯ ಮುಂದೆ ಕೂತಿದ್ದ. ಅಳತೆ ಸ್ವಲ್ಪ ಹೆಚ್ಚು ಕಡಿಮೆ ಆಗಿದೆಯಲ್ಲ ಪುಟ್ಟಿ ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ವೀರಗಲ್ಲಲ್ಲಿ ಹಾಗೇ ಮಾಡ್ತಾರೆ ಅಂತ ನೀವೇ ಹೇಳಿದ್ರಲ್ಲ, ಮಿಸ್."